ಒಂದು ಕ್ಯಾನ್ ಸಮುದ್ರ

ಬಿಸಿ ಕಾಫಿಯ ಮೇಲೆ ಕೆನೆ ಕಟ್ಟಿದರೆ ನನಗೆ ಆಗುವುದಿಲ್ಲ. ತುಟಿಗೆ ಅಂಟಿಕೊಳ್ಳುವ ಆ ತೆಳು ಪೊರೆ ಕಂಡರೆ ಅರವತ್ತು ದಾಟಿದ ಮೇಲೂ ಮೈ ಜುಮ್ಮೆನ್ನುತ್ತದೆ. ಆದ್ದರಿಂದ ಬೆಳಿಗ್ಗೆ ಲೋಟ ಕೈಗೆ ಬಂದ ತಕ್ಷಣ ನಾನು ಮಾಡುವ ಮೊದಲ ಕೆಲಸ ಉಫ್ ಎಂದು ಊದುವುದು. ಕೆನೆ ಸುಕ್ಕುಗಟ್ಟಿಕೊಂಡು ಆಚೆ ಅಂಚಿಗೆ ಹೋಗಿ ಕೂರುತ್ತದೆ. ಈಚೆ ಅಂಚಿನಲ್ಲಿ ಅಚ್ಚ ಕಾಫಿ ಕಾಣುತ್ತದೆ. ಅದು ಮತ್ತೆ ಮುಚ್ಚಿಕೊಳ್ಳುವುದರೊಳಗೆ ಒಂದು ಗುಟುಕು ಎಳೆದುಬಿಡಬೇಕು. ನನ್ನ ಹೆಂಡತಿ ಗಿರಿಜೆಗೆ ಇದನ್ನು ನೋಡಿ ನೋಡಿ ಸಾಕಾಗಿದೆ. "ಸೋಸಿ ಕೊಡ್ತೀನಿ ಅಂದ್ರೆ ಬೇಡ ಅಂತೀರ, ಊದೋದು ಮಾತ್ರ ಬಿಡಲ್ಲ" ಎಂದು ಗೊಣಗುತ್ತಾಳೆ. ಅವಳಿಗೆ ಹೇಗೆ ಹೇಳಲಿ? ಈಗೀಗ ಊದುವಾಗ ನನ್ನ ಲೋಟದಲ್ಲಿ ಕಾಫಿ ಇರುವುದಿಲ್ಲ, ಅರಬ್ಬೀ ಸಮುದ್ರ ಇರುತ್ತದೆ.

ನಗಬೇಡಿ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡು ಕೂತವನಿಗೆ ಸಮುದ್ರದ ಸಹವಾಸ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಸೀಮೆಯವರಿಗೆ ನೀರೆಂದರೆ ಕೆರೆ. ದೊಡ್ಡ ನೀರೆಂದರೆ ದೊಡ್ಡ ಕೆರೆ. ಹಳೇಬೀಡಿನಲ್ಲಿ ಹಿಂದೆ ಆಳಿದವರೂ ಕೆರೆ ಕಟ್ಟಿಸಿ, ಅದಕ್ಕೆ ಸಮುದ್ರ ಎಂದೇ ಹೆಸರಿಟ್ಟು ಸಮಾಧಾನಪಟ್ಟುಕೊಂಡವರು. ನಾನು ಓದಿದ ಕಣಕಟ್ಟೆಯ ಶಾಲೆಯಲ್ಲಂತೂ ಸಮುದ್ರವೆಂದರೆ ನೀಲಿ ಬಣ್ಣದ ಕಡ್ಡಿ ಬೇಗ ಸವೆಯುವ ಜಾಗ. ಭಾರತದ ನಕ್ಷೆ ಬರೆದು ಮೂರು ಕಡೆಗೂ ನೀಲಿ ತುಂಬಬೇಕಾಗಿತ್ತು. ನನ್ನ ಕಡ್ಡಿ ಕನ್ಯಾಕುಮಾರಿ ತಿರುಗುವ ಹೊತ್ತಿಗೆ ಮುಗಿದುಹೋಯಿತು. ಬಂಗಾಳ ಕೊಲ್ಲಿಗೆ ಹಸಿರು ಬಳಿದೆ. ಮೇಷ್ಟರು ಕಿವಿ ಹಿಂಡಿದರು. ಸಮುದ್ರ ನೀಲಿ, ಎಲ್ಲ ಕಡೆಗೂ ಒಂದೇ ನೀಲಿ, ವರ್ಷವಿಡೀ ಅದೇ ನೀಲಿ ಎಂಬುದು ಆ ಕಿವಿಯ ಮೂಲಕ ನನ್ನ ತಲೆಗೆ ಇಳಿದ ಜ್ಞಾನ. ಐವತ್ತು ವರ್ಷ ಅದು ಅಲ್ಲಾಡದೆ ಅಲ್ಲೇ ಇತ್ತು.

ಇಂಥ ಮನೆಗೆ ಸಮುದ್ರದ ಅಳಿಯ ಬಂದ. ಹೆಸರು ಚೇತನ. ಬೇಲೂರಿನ ಹುಡುಗ, ಯಗಚಿಯಲ್ಲಿ ಈಜು ಕಲಿತವನು. ಓದಿ ಓದಿ ಮಂಗಳೂರಿನಲ್ಲಿ ಸಮುದ್ರದ ಸಂಶೋಧನೆಯ ಕೆಲಸಕ್ಕೆ ಸೇರಿದ್ದ. ಅದೇ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಮಗಳು ಸೌಮ್ಯ ಅವನನ್ನು ನೋಡಿ ಒಪ್ಪಿ, ಆಮೇಲೆ ನಮಗೆ ತಿಳಿಸಿದಳು. ನಮ್ಮ ನೆಂಟರಿಗೆ ಅವನ ಕೆಲಸ ಏನೆಂದು ವಿವರಿಸುವುದೇ ನನಗೆ ದೊಡ್ಡ ಕೆಲಸವಾಯಿತು. "ಸಮುದ್ರದ ನೀರು ಅಳೀತಾನೆ. ಎಷ್ಟು ಬಿಸಿ, ಎಷ್ಟು ಉಪ್ಪು, ಒಳಗೆ ಏನು ಬೆಳೀತಾ ಇದೆ, ಎಲ್ಲ ನೋಡ್ತಾನೆ" ಎಂದೆ. ಗಂಡಸಿಯಲ್ಲಿರುವ ನನ್ನ ಷಡ್ಡಕ ತುಂಬ ಹೊತ್ತು ಯೋಚಿಸಿ, "ಅಳ್ದು ಯಾರಿಗೆ ಕೊಡ್ತಾನೆ?" ಎಂದು ಕೇಳಿದ. ನಾನು ಎಲೆ ಅಡಿಕೆಯ ತಟ್ಟೆಯನ್ನು ಅವನ ಮುಂದೆ ಸರಿಸಿದೆ.

ಇನ್ನು ನಮ್ಮವ್ವನ ವಿಷಯ ಹೇಳಬೇಕು. ಎಂಬತ್ತು ದಾಟಿದ ನನ್ನ ತಾಯಿ ಕಣಕಟ್ಟೆಯ ತೋಟದ ಮನೆಯಲ್ಲಿ ನನ್ನ ತಮ್ಮ ರುದ್ರೇಶನ ಸಂಸಾರದ ಜೊತೆ ಇದ್ದಾಳೆ. ರುದ್ರೇಶನ ಸಂಸಾರ ಅವಳ ಜೊತೆ ಇದೆ ಎಂದರೆ ಹೆಚ್ಚು ಸರಿ. ನಮ್ಮ ಕಡೆಯ ಕೊಬ್ಬರಿ ನಿಮಗೆ ಗೊತ್ತಲ್ಲ, ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಆರಿ, ಗಿಟುಕು ಚಿಪ್ಪು ಬಿಟ್ಟು ಉಂಡೆಯಾಗುವವರೆಗೂ ಅದನ್ನು ಯಾರೂ ಮುಟ್ಟುವಂತಿಲ್ಲ. ಚಿಕ್ಕಂದಿನಲ್ಲಿ ನಾವು ಆ ಅಟ್ಟದ ಕೆಳಗೇ ಮಲಗುತ್ತಿದ್ದೆವು. ಮೇಲೆ ಇಲಿ ಓಡಿದರೆ ಕಾಯಿಗಳು ಒಂದಕ್ಕೊಂದು ತಾಗಿ ಗುಡುಗುಡು ಎನ್ನುತ್ತಿದ್ದವು. ಹೊರಗಿನಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ. ಅವ್ವ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದ್ರಲ್ಲಿ ಇನ್ನೂ ನೀರೈತೆ, ಇದು ಕೆಟ್ಟೈತೆ, ಇದು ಆಗೈತೆ" ಎಂದು ಬೇರೆ ಮಾಡುತ್ತಿದ್ದಳು. ಒಡೆದು ನೋಡಿದರೆ ಅವಳು ಹೇಳಿದಂತೆಯೇ ಇರುತ್ತಿತ್ತು. ಇದರಿಂದ ಅವಳಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಕಾಯಿಯಾಗಲಿ, ಮನುಷ್ಯನಾಗಲಿ, ಒಂದು ಸಲ ಅಲ್ಲಾಡಿಸಿ ತೀರ್ಪು ಕೊಟ್ಟಳೆಂದರೆ ಮೇಲ್ಮನವಿಗೆ ಜಾಗವಿರಲಿಲ್ಲ.

ಮದುವೆಯಾದ ವರ್ಷ ಬೇಸಿಗೆಯಲ್ಲಿ ಚೇತನ ತೋಟಕ್ಕೆ ಬಂದಾಗ ಅವ್ವ ಅವನನ್ನು ಬಾವಿಯ ಪಕ್ಕದ ಮರದ ಹತ್ತಿರ ಕರೆದುಕೊಂಡು ಹೋದಳು. ಅದು ಅವಳ ಮುದ್ದಿನ ಮರ. ಆ ವರ್ಷ ಹರಳು, ಅಂದರೆ ಎಳೆಯ ಮಿಡಿಕಾಯಿ, ನಿಲ್ಲದೆ ಉದುರಿಹೋಗುತ್ತಿತ್ತು. ತೆಂಗಿನ ಬುಡಕ್ಕೆ ವರ್ಷಕ್ಕೊಮ್ಮೆ ಉಪ್ಪು ಹಾಕುವುದು ನಮ್ಮಲ್ಲಿ ವಾಡಿಕೆ. ಜಗಲಿಯ ಮೇಲೆ ಉಪ್ಪಿನ ಮೂಟೆಗಳು ಸದಾ ಬಿದ್ದಿರುತ್ತವೆ. ಈ ಮರಕ್ಕೆ ಅದೂ ನಾಟಿರಲಿಲ್ಲ.

"ತೆಂಗಿಗೆ ಸಮುದ್ರವೇ ತವರು ಕಣಪ್ಪ" ಎಂದಳು ಅವ್ವ. "ಹೆಣ್ಮಕ್ಳು ಗೌರಿ ಹಬ್ಬಕ್ಕೆ ತವರು ನೆನೆಸ್ಕೊಳಲ್ವಾ, ಹಂಗೇ ಇದೂ ಕೊರಗ್ತಾ ಐತೆ. ನೀವು ಹೆಂಗೂ ಅಲ್ಲೇ ಇರೋರು. ಹಬ್ಬಕ್ಕೆ ಬರೋವಾಗ ಒಂದು ಕ್ಯಾನು ಸಮುದ್ರದ ನೀರು ತಂದ್ಕೊಡಿ."

ಹೊಸ ಅಳಿಯ. ಅವ್ವ ಕೇಳಿದ ಮೊದಲ ಕೆಲಸ. ಚೇತನ ಸಂತೋಷದಿಂದ ಒಪ್ಪಿಕೊಂಡ.

ಗೌರಿ ಹಬ್ಬದ ಹಿಂದಿನ ದಿನ, ನಾವೆಲ್ಲ ಸೇರಿದ್ದ ತೋಟದ ಮನೆಯ ಮುಂದೆ ಸೌಮ್ಯ ಮತ್ತು ಚೇತನ ಕಾರಿನಿಂದ ಇಳಿದರು. ಚೇತನ ಹಿಂದಿನ ಬಾಗಿಲು ತೆಗೆದು ಬಿಳಿಯ ಕ್ಯಾನೊಂದನ್ನು ಎತ್ತಿಕೊಂಡು ಬಂದು, ಅವ್ವನ ಮುಂದೆ ಇಟ್ಟು, ಮುಚ್ಚಳ ತೆಗೆದ. ನಾವೆಲ್ಲ ಬಗ್ಗಿ ನೋಡಿದೆವು. ನೀರು ಹಸಿರಾಗಿತ್ತು. ಹೆಸರುಕಾಳು ನೆನೆಹಾಕಿ ಮರೆತುಬಿಟ್ಟ ಪಾತ್ರೆಯ ನೀರಿನ ಹಾಗಿತ್ತು. ವಾಸನೆಯೂ ಬರುತ್ತಿತ್ತು.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಕ್ಷಮಿಸಿಬಿಟ್ಟಳು. "ಇರ್ಲಿ ಬಿಡಿ ಅಳಿಯಂದ್ರೇ. ಕೆಲಸದ ಗಡಿಬಿಡೀಲಿ ಮರ್ತಿರ್ತೀರ. ದಾರೀಲಿ ಕೆರೆ ಸಿಕ್ಕಿರ್ತದೆ. ಮುದುಕಿ ಮನಸ್ಸು ನೋಯ್ಬಾರ್ದು ಅಂತ ತಂದಿದೀರ."

"ಇಲ್ಲ ಅಜ್ಜಿ, ಇದು ಸಮುದ್ರದ್ದೇ. ನಾನೇ ಬೆಳಿಗ್ಗೆ ದೋಣೀಲಿ ಹೋಗಿ ತುಂಬಿಸ್ಕೊಂಡು ಬಂದೆ."

"ಆಯ್ತು ಬಿಡಿ, ಕಾಲು ತೊಳ್ಕಳಿ, ಒಬ್ಬಟ್ಟು ತಿನ್ರಿ."

ಮಾಡದ ತಪ್ಪಿಗೆ ಕ್ಷಮೆ ಸಿಗುವುದು ಎಂಥ ಹಿಂಸೆ ಎಂಬುದನ್ನು ನಾನು ಆವತ್ತು ಅಳಿಯನ ಮುಖದಲ್ಲಿ ಕಂಡೆ. ಅವನು ಹೇಳಿದಷ್ಟೂ ಅವ್ವ ಹೆಚ್ಚು ಹೆಚ್ಚು ಕ್ಷಮಿಸುತ್ತಾ ಹೋದಳು. ಅವಳಿಗೂ ಅವಳದೇ ಕಾರಣವಿತ್ತು. ಹಿಂದೆ ನಮ್ಮಪ್ಪನ ಜೊತೆ ಶಿವರಾತ್ರಿಯ ಹೊತ್ತಿಗೆ ರಾಮೇಶ್ವರಕ್ಕೆ ಹೋಗಿದ್ದವಳು, ಸಮುದ್ರದಲ್ಲಿ ನಿಂತು ತನ್ನ ಕಾಲಿನ ಬೆರಳನ್ನು ತಾನೇ ನೋಡಿಕೊಂಡಿದ್ದಳು. ಅಷ್ಟು ತಿಳಿನೀಲಿ, ಅಷ್ಟು ಬೆಚ್ಚನೆಯ ನೀರು. ಸಮುದ್ರವನ್ನು ಕಣ್ಣಾರೆ ಕಂಡು ಬಂದವಳಿಗೆ ಹಸಿರು ನೀರು ತಂದು ಸಮುದ್ರ ಎಂದರೆ ಅವಳಾದರೂ ಏನು ಮಾಡಬೇಕು?

ಸೌಮ್ಯ ಸುಮ್ಮನಿರಲಿಲ್ಲ. ಬೆರಳು ಅದ್ದಿ ಅಜ್ಜಿಯ ನಾಲಿಗೆಗೆ ಹಚ್ಚಿದಳು. "ಈಗ ಹೇಳು, ಕೆರೆ ನೀರು ಉಪ್ಪಗಿರ್ತದಾ?"

ಅವ್ವ ಚಪ್ಪರಿಸಿ, ಜಗಲಿಯ ಕಡೆ ಕತ್ತು ತಿರುಗಿಸಿದಳು. ಅಲ್ಲಿ ಉಪ್ಪಿನ ಮೂಟೆಗಳು ಒಂದರ ಮೇಲೊಂದು ಕೂತಿದ್ದವು. "ಉಪ್ಪಿಗೇನವ್ವ ಬರ ನಮ್ಮನೇಲಿ?" ಎಂದಳು.

ತೆಂಗು ಬೆಳೆಯದ ಇನ್ಯಾವ ಮನೆಯಲ್ಲಾದರೂ ಆ ಒಂದು ಹನಿಗೆ ವ್ಯಾಜ್ಯ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಉಪ್ಪು ಸಾಕ್ಷಿಯಾಗುವಂತಿರಲಿಲ್ಲ.

ಚೇತನ ಫೋನು ತೆಗೆದ. ಉಪಗ್ರಹದಿಂದ ತೆಗೆದ ಚಿತ್ರ, ನಮ್ಮ ಕರಾವಳಿಯ ಉದ್ದಕ್ಕೂ ಹಸಿರು ಪಟ್ಟಿ, ಆಚೆ ನೀಲಿ. ಅವ್ವ ಅದನ್ನೂ ಕ್ಷಮಿಸಿದಳು. "ಮೊನ್ನೆ ಪಕ್ಕದ ಮನೆ ಹುಡ್ಗಿ ಫೋನಲ್ಲಿ ನಾನು ವಿಮಾನ ಓಡ್ಸೋ ಫೋಟೋ ತೋರ್ಸಿದ್ಲು ಕಣಪ್ಪ. ಟೋಪಿ ಗೀಪಿ ಎಲ್ಲಾ ಹಾಕ್ಕಂಡಿದ್ದೆ." ಈ ಕಾಲದಲ್ಲಿ ಫೋಟೋ ಸಾಕ್ಷಿಯೂ ಬಿದ್ದುಹೋಯಿತು.

ಕ್ಯಾನನ್ನು ಬಾವಿಕಟ್ಟೆಯ ಮರೆಯಲ್ಲಿ ಇಡಲಾಯಿತು. ಮರಕ್ಕೆ ಯಾರೂ ಹಾಕಬಾರದೆಂದು ಅವ್ವನ ಅಪ್ಪಣೆಯಾಯಿತು. ಚೇತನ ಒಬ್ಬಟ್ಟು ಅರ್ಧಕ್ಕೆ ಬಿಟ್ಟ. ಸೌಮ್ಯ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಅಪ್ಪಾಜಿ, ಅವ್ರು ಆಟಕ್ಕೂ ಸುಳ್ಳು ಹೇಳಲ್ಲ. ಇವತ್ತು ಸುಳ್ಳ ಅಂತ ಹೆಸ್ರು ಬಂದ್ರೆ ಈ ಮನೇಲಿ ಅದು ಸಾಯೋವರ್ಗೂ ಹೋಗಲ್ಲ" ಎಂದಳು. ಅವಳು ಹೇಳಿದ್ದು ನಿಜವೇ. ನಮ್ಮ ಮನೆಯಲ್ಲಿ ಹೆಸರುಗಳು ಹಾಗೆ ಅಂಟುತ್ತವೆ. ಮದುವೆಯ ದಿನ ನಿದ್ದೆ ಮಾಡಿದ ಚಿಕ್ಕಪ್ಪ ಇಂದಿಗೂ ನಿದ್ದೆ ಚಿಕ್ಕಪ್ಪನೇ.

ಹಬ್ಬದ ದಿನ ಮಧ್ಯಾಹ್ನ ಚೇತನ ಕೊನೆಯ ಪ್ರಯತ್ನಕ್ಕೆ ಇಳಿದ. ಗಾಜಿನ ಡಬ್ಬಿಯಲ್ಲಿ ತಣ್ಣೀರಿಗೆ ಕುಂಕುಮ ಕಲಸಿ, ಮೇಲೆ ನಿಧಾನವಾಗಿ ಬಿಸಿನೀರು ಬಿಟ್ಟ. ಎರಡೂ ಬೆರೆಯದೆ ನಿಂತವು. ನಾನೂ ರುದ್ರೇಶನೂ ಕಣ್ಣರಳಿಸಿದೆವು. ಚಿಕ್ಕಂದಿನಲ್ಲಿ ಇದೇ ಬಾವಿಗೆ ಧುಮುಕಿದಾಗ ಎದೆಯ ಹತ್ತಿರ ನೀರು ಬೆಚ್ಚಗಿರುತ್ತಿತ್ತು, ಕಾಲು ಇಳಿಬಿಟ್ಟರೆ ಕೆಳಗೆ ಯಾರೋ ಐಸ್ ಇಟ್ಟಂತಿರುತ್ತಿತ್ತು. ಕೆಳಗೆ ದೆವ್ವ ಇದೆ ಎಂದು ನಾವು ಕಾಲು ಮಡಚಿಕೊಂಡೇ ಈಜುತ್ತಿದ್ದೆವು. ದೆವ್ವವಲ್ಲ, ತಣ್ಣೀರು ಭಾರ, ಬಿಸಿನೀರು ಹಗುರ ಎಂದು ಈಗ ತಿಳಿಯಿತು. ಚೇತನ ಕಡ್ಡಿಯಿಂದ ಕೆಂಪು ನೀರನ್ನು ಮೇಲೆ ಬರಿಸುತ್ತಾ, "ನೋಡಿ ಅಜ್ಜಿ, ಮಳೆಗಾಲದಲ್ಲಿ ಹೀಗೇ ಕೆಳಗಿಂದು ಮೇಲೆ ಬಂದು ಬಣ್ಣ ಬದಲಾಗುತ್ತೆ" ಎಂದ.

"ಬಣ್ಣ ನೀವೇ ಹಾಕಿದ್ರಲ್ಲಪ್ಪ" ಎಂದಳು ಅವ್ವ.

ಅವನು ಸೋತು ಕೂತ. ಆಗ ಗಿರಿಜೆ ನನಗೆ ಕಾಫಿ ತಂದಳು. ನಾನು ಎಂದಿನಂತೆ ಊದಿದೆ. ಚೇತನ ಎದ್ದು ನಿಂತು, "ಮಾವ, ಹಾಗೇ ಇರಿ, ಕುಡೀಬೇಡಿ!" ಎಂದು ಕೂಗಿದ. ಲೋಟದಲ್ಲಿ ಹಲ್ಲಿ ಬಿದ್ದಿದೆ ಎಂದುಕೊಂಡು ನಾನು ಅರ್ಧ ಕಾಫಿ ಪಂಚೆಯ ಮೇಲೆ ಚೆಲ್ಲಿಕೊಂಡೆ. ಉಳಿದರ್ಧದ ಸುತ್ತ ಇಡೀ ಸಂಸಾರ ನೆರೆಯಿತು.

"ಇನ್ನೊಂದ್ಸಲ ಊದಿ ಮಾವ. ನೋಡಿ ಅಜ್ಜಿ, ಈ ಕೆನೆ ಅಂದ್ರೆ ಸಮುದ್ರದ ಮೇಲಿನ ಬೆಚ್ಚಗಿನ ನೀರು. ಲೋಟದ ಈ ಅಂಚು ನಮ್ಮ ಕರಾವಳಿ. ಮಳೆಗಾಲದಲ್ಲಿ ಗಾಳಿ ಬೀಸುತ್ತೆ, ಮೇಲಿನ ನೀರು ದಡ ಬಿಟ್ಟು ಆ ಕಡೆ ಸರಿಯುತ್ತೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣೀರು ಎದ್ದು ಬರುತ್ತೆ."

ನಿಜವಾಗಿ ಗಾಳಿ ಹೀಗೆ ನೇರವಾಗಿ ತಳ್ಳುವುದಿಲ್ಲವಂತೆ. ಅದು ದಡದ ಉದ್ದಕ್ಕೆ ಬೀಸುತ್ತದಂತೆ, ಭೂಮಿ ತಿರುಗುತ್ತಿರುವುದರಿಂದ ನೀರು ಪಕ್ಕಕ್ಕೆ ಜಾರುತ್ತದಂತೆ. ಇದನ್ನು ಅವನು ನನಗೆ ಎರಡು ಸಲ ವಿವರಿಸಿದ. ಭೂಮಿ ತಿರುಗುವುದರ ಹತ್ತಿರ ಬಂದಾಗ ಎರಡು ಸಲವೂ ನಾನು ಕೈಬಿಟ್ಟೆ. ಲೋಟದ ಮಟ್ಟಿಗೆ ನನ್ನ ಬಾಯಿಗಾಳಿ ಸಾಕಾಗಿತ್ತು.

"ಆ ತಣ್ಣೀರಲ್ಲಿ ಏನಿರುತ್ತೆ ಗೊತ್ತಾ ಅಜ್ಜಿ? ಗೊಬ್ಬರ. ಸಮುದ್ರದಲ್ಲಿ ಸತ್ತಿದ್ದೆಲ್ಲ ಕೆಳಗೆ ಬಿದ್ದು ಕೊಳೆತು ಗೊಬ್ಬರ ಆಗಿರುತ್ತೆ. ಬಿಸಿಲು ಮೇಲೆ, ಗೊಬ್ಬರ ಕೆಳಗೆ. ವರ್ಷದಲ್ಲಿ ಎಷ್ಟೋ ತಿಂಗಳು ಎರಡೂ ಸೇರೋದೇ ಇಲ್ಲ. ಅದಕ್ಕೇ ನೀಲಿ. ನೀಲಿ ನೀರು ಅಂದ್ರೆ ಏನೂ ಬೆಳೀದೆ ಇರೋ ನೀರು. ನೀವು ರಾಮೇಶ್ವರದಲ್ಲಿ ನೋಡಿದ್ದು ಅದು. ಆ ಕಡೆ ಸಮುದ್ರಕ್ಕೆ ದೊಡ್ಡ ದೊಡ್ಡ ನದಿ ಬಂದು ಬೀಳುತ್ವೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಮುಚ್ಚಳದ ಹಾಗೆ ಕೂತಿರುತ್ತೆ. ಗಾಳಿ ಬೀಸಿದ್ರೂ ಕೆಳಗಿನ ಗೊಬ್ಬರ ಮೇಲೆ ಬರೋದು ಕಷ್ಟ. ನಮ್ಮ ಕಡೆ ಹಂಗಲ್ಲ. ಗೊಬ್ಬರ ಮೇಲೆ ಬಂದು ಬಿಸಿಲು ತಾಗಿದ ತಕ್ಷಣ ಕಣ್ಣಿಗೆ ಕಾಣದಷ್ಟು ಸಣ್ಣ ಸಸಿಗಳು ಕೋಟಿಗಟ್ಟಲೆ ಹುಟ್ಟುತ್ವೆ. ಆ ಹಸಿರೇ ಈ ಕ್ಯಾನಲ್ಲಿ ಇರೋದು."

ಗೊಬ್ಬರದ ಮಾತು ಬಂದದ್ದೇ ಅವ್ವ ನೆಟ್ಟಗೆ ಕೂತಿದ್ದಳು. ಹುಟ್ಟಿದಾಗಿನಿಂದ ಬುಡಕ್ಕೆ ಗೊಬ್ಬರ, ನೆತ್ತಿಗೆ ಬಿಸಿಲು ಎಂದು ತೋಟ ನೋಡಿಕೊಂಡವಳು. ತುಂಬ ಹೊತ್ತು ನನ್ನ ಲೋಟವನ್ನೇ ನೋಡಿ ಕೊನೆಗೆ ಹೇಳಿದಳು. "ಮಾತು ಸರಿಯಾಗೈತೆ. ಆದ್ರೆ ಮಾತು ಸರಿ ಇದ್ದ ಮಾತ್ರಕ್ಕೆ ನೀರು ಸಮುದ್ರದ್ದು ಆಗಲ್ಲ. ನಾನು ಒಂದು ಮಾತು ಅಂದ್ಬಿಟ್ಟಿದೀನಿ. ಅದು ಸರಿಯೋ ತಪ್ಪೋ ಕಣ್ಣಲ್ಲೇ ನೋಡ್ಬೇಕು. ಇನ್ನೊಬ್ರ ಮಗನ ಮೇಲೆ ಸುಮ್ನೆ ಮಾತು ಹಾಕ್ಬಾರ್ದು. ಗಾಡಿ ಮಾಡು ಮಲ್ಲೇಶ, ಹೋಗಾಣ."

ಮಲ್ಲೇಶ ಎಂದರೆ ನಾನು. ಮುಂದಿನ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ರುದ್ರೇಶನ ದೊಡ್ಡ ಗಾಡಿಯಲ್ಲಿ ಎಲ್ಲರೂ ಹೊರಟೆವು. ಘಾಟಿ ರಸ್ತೆ ಅಭ್ಯಾಸವಿದ್ದ ಚೇತನ ಓಡಿಸುತ್ತಿದ್ದ. ಪಕ್ಕದಲ್ಲಿ ನಾನು, ಹಿಂದೆ ಅವ್ವ, ಸೌಮ್ಯ, ಗಿರಿಜೆ, ರುದ್ರೇಶ. ಅವ್ವ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದಳು. ಹಳೇಬೀಡಿನ ಕೆರೆ ಏರಿಯ ಮೇಲೆ ಬಂದಾಗ ಮೊದಲ ಪ್ರಶ್ನೆ ಬಂತು.

"ಅಳಿಯಂದ್ರೇ, ಇಲ್ಲೇನಾ ತುಂಬಿಸ್ಕಂಡಿದ್ದು?"

"ಅಲ್ಲ ಅಜ್ಜಿ."

"ಇದೂ ಹಸ್ರುಗೇ ಐತೆ, ಅದಕ್ಕೆ ಕೇಳ್ದೆ."

ಬೇಲೂರಿನಲ್ಲಿ ಚೇತನನ ತಾಯಿ ಅಕ್ಕಿರೊಟ್ಟಿ ಮಾಡಿ ಕಾಯುತ್ತಿದ್ದರು. ಮಗನ ಮೇಲೆ ಇರುವ ಆಪಾದನೆ ಅವರಿಗೆ ತಿಳಿಯದಿರಲೆಂದು ನಾವೆಲ್ಲ ಅತಿಯಾಗಿ ನಗುತ್ತಾ ಅತಿಯಾಗಿ ತಿಂದೆವು. ಯಗಚಿ ದಾಟುವಾಗ ಅವ್ವ ಮತ್ತೆ, "ಇಲ್ಲಿರ್ಬೌದಾ?" ಎಂದಳು. ಆಮೇಲೆ ಸಕಲೇಶಪುರದವರೆಗೆ ಸಿಕ್ಕ ಒಂದೊಂದು ಕೆರೆಗೂ, ಕಟ್ಟೆಗೂ, ರಸ್ತೆಬದಿಯ ಹೊಂಡಕ್ಕೂ ಅದೇ ಪ್ರಶ್ನೆ. ಅವಳದು ಕುಹಕವಲ್ಲ, ತನಿಖೆ. ಚೇತನ ಒಂದೊಂದಕ್ಕೂ ಅಷ್ಟೇ ವಿನಯದಿಂದ ಅಲ್ಲ ಅಜ್ಜಿ ಎನ್ನುತ್ತಿದ್ದ. ಕನ್ನಡಿಯಲ್ಲಿ ಸೌಮ್ಯಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಮಂಗಳೂರು ದಾಟಿ ಸಮುದ್ರದಂಡೆಗೆ ಬಂದಾಗ ಮಳೆ ಬಿಟ್ಟು ಬಿಸಿಲು ಬಂದಿತ್ತು. ಗಾಡಿ ನಿಂತಿತು. ನಮ್ಮವರು ಇಳಿದವರೇ ಸಮುದ್ರಕ್ಕೆ ಬೆನ್ನು ಹಾಕಿ ನಿಂತರು. ಯಾಕೆಂದರೆ ದಡದಲ್ಲಿ ತೆಂಗಿನ ಮರಗಳಿದ್ದವು. "ಅಣ್ಣ, ಗೊನೆ ನೋಡೋ, ಎಷ್ಟು ಒತ್ತಾಗೈತೆ!" ಎಂದು ರುದ್ರೇಶ ಕತ್ತು ಮೇಲೆತ್ತಿದ. ಗಿರಿಜೆ ಬಿದ್ದ ಕಾಯಿಯೊಂದನ್ನು ಎತ್ತಿ ಅಲ್ಲಾಡಿಸಿ, "ಸಿಪ್ಪೆ ದಪ್ಪ ಕಣ್ರೀ, ಕೊಬ್ಬರಿಗೆ ಬರಲ್ಲ" ಎಂದಳು. ನಾನೂ ಬುಡ ತಟ್ಟಿ ನೋಡಿದೆ. ಅಷ್ಟು ದೂರ ಬಂದು, ಇಡೀ ಅರಬ್ಬೀ ಸಮುದ್ರ ಬೆನ್ನ ಹಿಂದೆ ಭೋರ್ಗರೆಯುತ್ತಿರುವಾಗ, ಹೀಗೆ ಮರ ಪರೀಕ್ಷೆ ಮಾಡುತ್ತಾ ನಿಲ್ಲುವವರು ಅರಸೀಕೆರೆ ತಾಲ್ಲೂಕಿನವರಲ್ಲದೆ ಬೇರೆ ಯಾರೂ ಇರಲಾರರು.

ಚೇತನ ಮಾತ್ರ ಸಮುದ್ರ ನೋಡುತ್ತಿದ್ದ. ಅವನು ಬಿಳಿಚಿಕೊಂಡಿದ್ದ. ನಾನು ತಿರುಗಿ ನೋಡಿದೆ. ಸಮುದ್ರ ನೀಲಿಯಾಗಿತ್ತು. ದಡದ ಹತ್ತಿರ ಸ್ವಲ್ಪ ಬೂದು, ಆಚೆಗೆಲ್ಲ ನೀಲಿ. ನನ್ನ ಮೇಷ್ಟರು ಬದುಕಿದ್ದರೆ ಬಂದು ಇನ್ನೊಂದು ಕಿವಿ ಹಿಂಡುತ್ತಿದ್ದರು.

"ಹೋದ ವಾರ ಪೂರ್ತಿ ಹಸಿರಿತ್ತು ಮಾವ" ಎಂದ ಅವನು. "ಇದು ತೇಪೆ ತೇಪೆಯಾಗಿ ಬರುತ್ತೆ. ಗಾಳಿ ಸ್ವಲ್ಪ ಕಡಿಮೆ ಆದ್ರೆ, ಪ್ರವಾಹ ತಿರುಗಿದ್ರೆ, ಹೊರಟುಹೋಗುತ್ತೆ. ನಾನು ಯೋಚಿಸ್ಬೇಕಿತ್ತು. ನನ್ನ ಕೆಲಸವೇ ಅದು. ದಿನದಿಂದ ದಿನಕ್ಕೆ ಬದಲಾಗುತ್ತೆ ಅಂತ ನನಗೇ ಗೊತ್ತಿತ್ತು."

ಅವ್ವ ಸೌಮ್ಯಳ ಕೈ ಹಿಡಿದು ನೀರಿನ ಅಂಚಿಗೆ ನಡೆದಳು. ಅಲೆ ಬಂದು ಅವಳ ಪಾದ ಮುಚ್ಚಿತು. ಅವಳು ತಟ್ಟನೆ ಕಾಲು ಎಳೆದುಕೊಂಡಳು. ಮತ್ತೆ ಇಟ್ಟಳು.

"ತಣ್ಣಗೈತೆ" ಎಂದಳು.

"ರಾಮೇಶ್ವರದಾಗೆ ಬೆಚ್ಚಗಿತ್ತು. ಸ್ನಾನದ ನೀರು ಇದ್ದಂಗೆ. ಇದು ನಮ್ಮ ಬಾವಿ ತಳದ ನೀರು ಇದ್ದಂಗೈತೆ." ಅವಳು ಚೇತನನ ಕಡೆ ತಿರುಗಿದಳು. "ಕೆಳಗಿನ ನೀರು ಮೇಲಕ್ಕೆ ಬಂದೈತೆ ಅನ್ನೋದು ಕಾಲಿಗೆ ಗೊತ್ತಾಯ್ತು ಬಿಡಿ. ಗೊಬ್ಬರ ಬಂದಂಗಾಯ್ತು, ಬಿಸ್ಲೂ ಐತೆ. ಹಂಗಾದ್ರೆ ಬೆಳೆ ಎಲ್ಲೋಯ್ತು?"

ಚೇತನ ತೊದಲಿದ. "ಒಂದಷ್ಟು ತೇಲಿ ಹೋಗಿರುತ್ತೆ ಅಜ್ಜಿ. ಒಂದಷ್ಟು... ಒಂದಷ್ಟನ್ನ ಮೀನು ತಿಂದಿರುತ್ವೆ." ಹೇಳಿದವನೇ ನಾಲಿಗೆ ಕಚ್ಚಿಕೊಂಡ. ನಮ್ಮವ್ವನ ಮುಂದೆ ಆ ಪದ ಯಾರೂ ಎತ್ತುವುದಿಲ್ಲ. ಅರಸೀಕೆರೆಯಲ್ಲಿ ಮೀನಿನ ಅಂಗಡಿ ಇರುವ ರಸ್ತೆ ಬಂದರೆ ಆಟೋದವನಿಗೆ ಹೇಳಿ ಬಳಸಿಕೊಂಡು ಹೋಗುವವಳು ಅವಳು. ದಿನಾ ಎದ್ದು ವಿಭೂತಿ ಧರಿಸಿ ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟದವಳು.

ದಡದ ಆ ತುದಿಯಲ್ಲಿ ದೋಣಿಗಳ ಪಕ್ಕ ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರಿದ್ದರು. ಅವ್ವ ಒಮ್ಮೆ ಆ ಕಡೆ ನೋಡಿದಳು, ಒಮ್ಮೆ ಚೇತನನ ಮುಖ ನೋಡಿದಳು. ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡು ನಡೆಯತೊಡಗಿದಳು. ನಾವು ಬೆರಗಾಗಿ ಹಿಂದೆ ಓಡಿದೆವು. "ಅವ್ವ, ಬ್ಯಾಡ ಬಾ" ಎಂದು ರುದ್ರೇಶ ಕೂಗಿದ. ಅವಳು ತಿರುಗಲಿಲ್ಲ.

ಮೊದಲ ಬುಟ್ಟಿಯ ಮುಂದಿದ್ದ ಹೆಂಗಸು, "ಎಂತ ಅಜ್ಜಿ, ಬೂತಾಯಿ ಬೇಕಾ? ಈಗಷ್ಟೇ ಬಂದದ್ದು" ಎಂದಳು.

"ತಿನ್ನಕ್ಕಲ್ಲ ಕಣವ್ವ. ಸತ್ತಿರೋದೇ ತಾನೇ ಇವು?"

"ಜೀವ ಇರುವುದು ಬುಟ್ಟಿಯಲ್ಲಿ ಸುಮ್ಮನೆ ಕೂರ್ತದಾ?"

"ಹಂಗಾದ್ರೆ ಒಂದನ್ನ ಕುಯ್ದು ತೋರ್ಸು. ಹೊಟ್ಟೇಲಿ ಏನೈತೆ ನೋಡ್ಬೇಕಿತ್ತು."

ಆ ಹೆಂಗಸು ಅವ್ವನ ಹಣೆಯ ವಿಭೂತಿ ನೋಡಿದಳು, ಹಿಂದೆ ಸಾಲಾಗಿ ಮೂಗು ಮುಚ್ಚಿಕೊಂಡು ನಿಂತ ನಮ್ಮನ್ನು ನೋಡಿದಳು. "ಅದಕ್ಕೆಂತ, ನೋಡಿ" ಎಂದು ನಕ್ಕು, ಒಂದು ಮೀನು ತೆಗೆದು ಚಾಕುವಿನಿಂದ ಹೊಟ್ಟೆ ಸೀಳಿದಳು. ಬೆರಳಿನಿಂದ ಒತ್ತಿದಳು. ಕಪ್ಪು ಹಸಿರಿನ ಲೋಳೆಯೊಂದು ಹೊರಗೆ ಬಂತು.

ಅವ್ವ ಸೆರಗನ್ನು ಮೂಗಿನಿಂದ ತೆಗೆದಳು. ಬಗ್ಗಿದಳು. ಕೈ ಚಾಚಿ ಆ ಲೋಳೆಯನ್ನು ತನ್ನ ಬೆರಳ ತುದಿಗೆ ತೆಗೆದುಕೊಂಡು, ಎಡ ಅಂಗೈಯ ಮೇಲೆ ಉಜ್ಜಿದಳು. ಗಿರಿಜೆ ಶಿವಶಿವ ಎಂದು ಕಣ್ಣು ಮುಚ್ಚಿದಳು. ಬಿಸಿಲಿನಲ್ಲಿ ಆ ಸುಕ್ಕಿದ ಅಂಗೈಯ ಮೇಲೆ ಬಣ್ಣ ಹರಡಿತು. ಹಸಿರು. ಕ್ಯಾನಿನಲ್ಲಿದ್ದ ಹಸಿರೇ, ಇನ್ನೂ ಗಟ್ಟಿ.

"ಬೆಳೆ ಇಲ್ಲೈತೆ ನೋಡಿ" ಎಂದಳು ಅವ್ವ, ಅಂಗೈಯನ್ನು ನಮ್ಮೆಲ್ಲರಿಗೂ ತೋರಿಸುತ್ತಾ. "ಕುಯ್ಲಾಗೋಗೈತೆ." ಆಮೇಲೆ ಗಟ್ಟಿಯಾಗಿ, ಆ ಮೀನಿನ ಹೆಂಗಸಿಗೂ ದೋಣಿಯವರಿಗೂ ಕೇಳುವ ಹಾಗೆ ಹೇಳಿದಳು. "ಅಳಿಯಂದ್ರೇ, ನೀವು ತಂದಿದ್ದು ಸಮುದ್ರದ ನೀರೇ. ನಾನು ಅಂದಿದ್ದು ತಪ್ಪು. ಹೇ ಮಲ್ಲೇಶ, ರುದ್ರ, ಎಲ್ರೂ ಕೇಳಿಸ್ಕಳಿ, ತಪ್ಪು ನಂದು."

ನಮ್ಮವ್ವನ ಬಾಯಲ್ಲಿ ಆ ಮಾತು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ನನಗೆ ಆದ ಸಂತೋಷ ಹೇಳತೀರದು. ಸೌಮ್ಯ ಅಜ್ಜಿಯನ್ನು ತಬ್ಬಿಕೊಂಡಳು, ಮೀನಿನ ಕೈ ಎಂಬುದನ್ನೂ ನೋಡಲಿಲ್ಲ. ಚೇತನ ಸಮುದ್ರದ ಕಡೆ ಮುಖ ಮಾಡಿ ನಿಂತು ಕನ್ನಡಕ ಒರೆಸುತ್ತಿದ್ದ. ರುದ್ರೇಶ ಎಲ್ಲರಿಗೂ ಎಳನೀರು ಕುಡಿಸಿದ, ಆ ಮೀನಿನ ಹೆಂಗಸಿಗೂ. ಅವ್ವ ಸಮುದ್ರದ ನೀರಿನಲ್ಲಿ ಕೈ ತೊಳೆದು, ಬ್ಯಾಗಿನಿಂದ ವಿಭೂತಿ ತೆಗೆದು ಹೊಸದಾಗಿ ಹಚ್ಚಿಕೊಂಡಳು. ಶಿವನ ಜೊತೆಗಿನ ಲೆಕ್ಕ ಅವಳದು ಅಲ್ಲಿಗೆ ಚುಕ್ತಾ ಆಯಿತು.

ವಾಪಸು ಹೊರಡುವಾಗ ಅವ್ವ ನನ್ನನ್ನು ಹಿಂದಿನ ಸೀಟಿಗೆ ಕಳಿಸಿ ತಾನು ಚೇತನನ ಪಕ್ಕ ಕೂತಳು. "ಈಗ ಹೇಳಿ, ಅದ್ರಾಗೆ ಇನ್ನೂ ಏನೇನೈತೆ?" ಎಂದಳು. ಶಿರಾಡಿ ಘಾಟಿಯ ತಿರುವುಗಳಲ್ಲಿ ಆ ಹುಡುಗ ಬಾಯ್ತುಂಬ ಮಾತಾಡಿದ. ಸಂಜೆಯಾದರೆ ಸಣ್ಣ ಸಣ್ಣ ಜೀವಿಗಳು ಆಳದಿಂದ ಮೇಲೆ ಬಂದು ಹಸಿರು ಮೇಯ್ದು, ಬೆಳಗಾಗುವಷ್ಟರಲ್ಲಿ ಕತ್ತಲೆಗೆ ಇಳಿದುಬಿಡುತ್ತವೆ ಎಂದ. "ದನ ಮೇಯಕ್ಕೆ ಹೋಗಿ ಕೊಟ್ಟಿಗೆಗೆ ಬಂದಂಗೆ" ಎಂದಳು ಅವ್ವ. ಅರಬ್ಬೀ ಸಮುದ್ರದ ಉತ್ತರದ ತುದಿಯಲ್ಲಿ ಚಳಿಗಾಲದಲ್ಲೇ ಹಸಿರು ಬರುತ್ತದೆ, ಅಲ್ಲಿ ಒಣ ಗಾಳಿಗೆ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಮುಳುಗಿ, ಕೆಳಗಿನದರ ಜೊತೆ ಕಲಸಿಹೋಗುತ್ತದೆ ಎಂದ. "ಹಂಗಾದ್ರೆ ನಮ್ಮ ಕಡೆ ಮುಂಗಾರು ಬೆಳೆ, ಅವ್ರ ಕಡೆ ಹಿಂಗಾರು ಬೆಳೆ" ಎಂದಳು. ಚೇತನ ಗಾಡಿಯ ವೇಗ ಇಳಿಸಿ ಅವಳ ಮುಖ ನೋಡಿದ. ತಾನು ಇಷ್ಟು ವರ್ಷ ಓದಿದ್ದನ್ನು ಕೇಳಲು ಮನೆಯಲ್ಲಿ ಒಬ್ಬರು ಸಿಕ್ಕರಲ್ಲ ಎಂಬ ಖುಷಿ ಅವನಿಗೆ.

ಕ್ಯಾನಿನ ನೀರು ಮರುದಿನವೇ ಮರದ ಬುಡಕ್ಕೆ ಬಿತ್ತು. ಮರ ಏನೂ ಅನ್ನಲಿಲ್ಲ. ಒಂದು ವರ್ಷ ಕಾಯಿ ಹಿಡಿಯುತ್ತದೆ, ಒಂದು ವರ್ಷ ಬಿಡುತ್ತದೆ. ಮರದ ವಿಷಯ ಇರಲಿ. ನನಗೆ ಕಣ್ಣಿಗೆ ಕಟ್ಟಿದಂತಿರುವುದು ಆ ಸಂಜೆ, ಸಕಲೇಶಪುರ ದಾಟಿ ಬೇಲೂರಿನ ರಸ್ತೆಗೆ ಬಿದ್ದಾಗ ಮುಂದಿನ ಸೀಟಿನಿಂದ ಕೇಳಿಬಂದ ಮಾತು. ಹಿಂದೆ ಎಲ್ಲರೂ ತೂಕಡಿಸುತ್ತಿದ್ದೆವು.

"ಅಳಿಯಂದ್ರೇ" ಎಂದಳು ಅವ್ವ ಮೆಲ್ಲಗೆ. "ಆಗ ಆ ಹೆಣ್ಮಗಳು ಮೀನು ಕುಯ್ದಾಗ ನಿಮ್ಮ ಕಣ್ಣಲ್ಲಿ ನೀರು ಬಂತಲ್ಲ, ಯಾಕೆ?"

ಚೇತನ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಮೀನಿನ ವಾಸನೆ ಅಜ್ಜಿ. ಅದಕ್ಕೇ."

ಅವ್ವ ಬೊಚ್ಚುಬಾಯಿ ಬಿಟ್ಟು ನಕ್ಕಳು. ಗೇರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟು, "ಇದು ಮಾತ್ರ ಸುಳ್ಳು ಕಣಪ್ಪ" ಎಂದಳು.